ಸೋಮವಾರ, ಗುರುವಾರ ಮತ್ತು ಅವ್ವನ ಒಂದು ಮಾತು

ನಮ್ಮ ಮನೆಯಲ್ಲಿ ವಾರಾನ್ನದ ಹುಡುಗರಿಗೆ ಹೆಸರಿರಲಿಲ್ಲ. ಸುತ್ತಲ ಹಳ್ಳಿಗಳಿಂದ ಮೈಸೂರಿಗೆ ಓದಲು ಬಂದು, ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಕಾಲೇಜು ಮುಗಿಸುತ್ತಿದ್ದ ಹುಡುಗರು ಅವರು. ಸೋಮವಾರ ಬರುವವನು ಸೋಮವಾರ, ಗುರುವಾರ ಬರುವವನು ಗುರುವಾರ. ‘ಗುರುವಾರ ಬಂದ ಕಣೇ, ಮಣೆ ಹಾಕು’ ಅಂತ ಅವ್ವ ಅಡುಗೆಮನೆಯಿಂದ ಕೂಗುವಳು. ನಾನು ಮಣೆ ಹಾಕಿ, ಪಕ್ಕದಲ್ಲಿ ನನ್ನದೂ ಒಂದು ಹಾಕಿಕೊಂಡು ಕೂತುಬಿಡುತ್ತಿದ್ದೆ.

ಸ್ವಾತಂತ್ರ್ಯ ಬಂದ ಹೊಸತು. ಅಕ್ಕಿ ರೇಷನ್ನಿನದು, ಅದರಲ್ಲೂ ಅರ್ಧ ಕಲ್ಲು. ಅಪ್ಪಾಜಿ ಕಚೇರಿಯೊಂದರಲ್ಲಿ ಗುಮಾಸ್ತರು. ಹಣೆ ತುಂಬ ವಿಭೂತಿ, ಮನಸ್ಸು ತುಂಬ ದಾಸೋಹ. ಹಸಿದು ಬಂದ ಮಗು ಹಸಿದು ಹೋಗಬಾರದು ಅನ್ನುವುದು ಅವರ ವ್ರತ. ಆ ವ್ರತ ನಡೆಸುವವಳು ಅವ್ವ. ಅವಳಿಗೆ ಬೇರೆ ವ್ರತಗಳೂ ಇದ್ದವು. ಸೋಮವಾರ ಒಪ್ಪೊತ್ತು, ಗುರುವಾರ ಒಪ್ಪೊತ್ತು, ನಡುವೆ ಯಾವುದಾದರೂ ಹರಕೆ. ನಮ್ಮವ್ವನಷ್ಟು ದೈವಭಕ್ತಿ ಕೃಷ್ಣಮೂರ್ತಿಪುರದಲ್ಲೇ ಯಾರಿಗೂ ಇಲ್ಲ ಅಂತ ನಾನು ಸ್ಕೂಲಿನಲ್ಲಿ ಕೊಚ್ಚಿಕೊಂಡದ್ದುಂಟು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹುಡುಗರು ಸಂಕೋಚಕ್ಕೆ, ‘ನೀವೂ ಕೂತ್ಕೊಳ್ಳಿ ಅವ್ವ’ ಅನ್ನುವರು. ಅವ್ವನದು ಯಾವಾಗಲೂ ಒಂದೇ ಉತ್ತರ: ‘ಬಡಿಸೋ ಕೈ ಕೊನೇಲಿ ಉಣ್ಬೇಕು ಕಣಪ್ಪ. ನೀವು ಉಣ್ಣಿ.’ ಕೇಳಿ ಕೇಳಿ ನನಗೆ ಅದು ಬಾಗಿಲ ಕೀಲಿನ ಸದ್ದಿನಷ್ಟೇ ರೂಢಿಯಾಗಿಹೋಗಿತ್ತು.

ಈ ಮಾತು ಅರವತ್ತನೇ ಇಸವಿಯ ಈಚೆಗೆ ಮುನಿಸಿಪಾಲಿಟಿ ಎಲೆಕ್ಷನ್ನಿಗೆ ನಿಲ್ಲುತ್ತದೆ ಅಂತ ಯಾರು ಕಂಡಿದ್ದರು! ನಮ್ಮ ಸೋಮವಾರ ಅಷ್ಟು ಹೊತ್ತಿಗೆ ಹೆಸರಾದ ವಕೀಲ. ಬಿಳಿ ಪ್ಯಾಂಟು, ತೂಕದ ದನಿ, ನಮ್ಮ ವಾರ್ಡಿಗೆ ಅವನೇ ಅಭ್ಯರ್ಥಿ. ಗುರುವಾರ ಸರಸ್ವತಿಪುರದ ಒಂದು ಟ್ಯುಟೋರಿಯಲ್ಲಿನಲ್ಲಿ ಮೇಷ್ಟ್ರು. ನಾಲ್ಕು ಜನ ಗೆಳೆಯರು ಅವನನ್ನು ಹೊಗಳಿ ಅಟ್ಟಕ್ಕೆ ಏರಿಸಿದ್ದರು, ಅದೇ ವಾರ್ಡಿಗೆ ಅವನೂ ಅರ್ಜಿ ಹಾಕಿದ್ದ. ಅಪ್ಪಾಜಿಗೆ ಹಿಗ್ಗೋ ಹಿಗ್ಗು. ‘ಯಾರು ಗೆದ್ರೂ ನಮ್ಮನೆ ಅನ್ನ ಗೆಲ್ತದೆ’ ಅಂತ ಇಬ್ಬರ ಸಭೆಗೂ ಛತ್ರಿ ಹಿಡಿದು ಹೋಗುವರು.

ಸೋಮವಾರ ತನ್ನ ಮೊದಲ ಸಭೆಯಲ್ಲೇ, ‘ಅಧಿಕಾರ ಅಂದರೆ ಬಡಿಸುವ ಕೆಲಸ. ಬಡಿಸುವ ಕೈ ಕೊನೆಯಲ್ಲಿ ಉಣ್ಣಬೇಕು’ ಅಂದ. ಚಪ್ಪಾಳೆಯೋ ಚಪ್ಪಾಳೆ. ನೋಟೀಸಿನ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಅದನ್ನೇ ಅಚ್ಚು ಹಾಕಿಸಿದ. ಗುರುವಾರನೂ ಮುಂದಿನ ವಾರ ತಡವರಿಸುತ್ತ ಭಾಷಣ ಮಾಡಿ, ಕೊನೆಗೆ ಅದೇ ಮಾತು ಹೇಳಿದ. ಗುಂಪಿನಲ್ಲಿ ಯಾರೋ ನಕ್ಕರು. ಸೋಮವಾರ ಮರುದಿನವೇ ಮೈಕಿನ ಮುಂದೆ ನಿಂತು, ‘ಸ್ವಂತದ ಎರಡು ಮಾತು ಇಲ್ಲದವರು ವಾರ್ಡಿಗೆ ಏನು ತಂದಾರು? ಇವತ್ತು ಮಾತು ಕದ್ದವರು ನಾಳೆ ಖಜಾನೆ ಬಿಟ್ಟಾರೆಯೇ?’ ಅಂತ ಕೇಳಿದ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಎರಡೇ ದಿನದಲ್ಲಿ ಗುರುವಾರನ ಸೈಕಲ್ಲಿನ ಹಿಂದೆ ಹುಡುಗರು ‘ಮಾತುಗಳ್ಳ’ ಅಂತ ಕೂಗತೊಡಗಿದರು. ಟ್ಯುಟೋರಿಯಲ್ಲಿನ ಯಜಮಾನರು ಕರೆದು, ಕಳ್ಳ ಅನ್ನಿಸಿಕೊಂಡ ಮೇಷ್ಟ್ರ ಹತ್ತಿರ ಮಕ್ಕಳನ್ನು ಯಾರು ಕಳಿಸುತ್ತಾರೆ ಅಂದರಂತೆ. ಅವನ ಹೆಂಡತಿ ಆಗ ಬಸುರಿ.

ಗುರುವಾರ ನಮ್ಮ ಮನೆಗೆ ಬಂದು ಜಗುಲಿಯ ಮೇಲೆ ಕೂತ. ‘ಅವ್ವ, ನೋಟೀಸು ನಾನು ನೋಡೇ ಇರ್ಲಿಲ್ಲ. ನೀವು ಹೇಳ್ತಿದ್ದ ಮಾತು, ನಾಲ್ಗೆ ಮೇಲಿತ್ತು, ಹೇಳ್ದೆ. ಅದು ನಿಮ್ಮದು ಅಂತ ನೀವೊಂದು ಸಲ ಹೇಳಿದ್ರೆ ಸಾಕು.’

ಅವ್ವ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ‘ನಿಂದು ಅನ್ನು, ಅವನ್ದು ಅನ್ನು, ಯಾವ್ದೋ ಗಾದೆ ಅನ್ನು. ನಂದು ಅಂತ ಮಾತ್ರ ಹೇಳ್ಬೇಡ ಕಣಪ್ಪ.’

‘ಯಾಕವ್ವ? ನಿಂದೇ ತಾನೆ?’ ನಾನು ನಡುವೆ ಬಾಯಿ ಹಾಕಿದೆ.

‘ಬುಟ್ಬುಡು ಅಂದ್ನಲ್ಲ. ಬೀದೀಲಿ ಎಳೆದಾಡೋ ಮಾತಲ್ಲ ಅದು.’

ಗುರುವಾರ ಎದ್ದು ಹೋದ. ನನಗೆ ಮೈ ಉರಿದುಹೋಯಿತು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವಂಥದು, ಜೊತೆಗೆ ಆಗಷ್ಟೇ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಕೆಲಸ ಸಿಕ್ಕಿತ್ತು. ಸತ್ಯ, ನ್ಯಾಯ ಅಂತ ಮಕ್ಕಳಿಗೆ ದಿನಾ ಪಾಠ ಹೇಳುತ್ತಿದ್ದೆ. ಅವ್ವನದು ಬರೀ ಸಂಕೋಚ, ಹೆಂಗಸರ ಹೆಸರು ಹೊರಗೆ ಬರಬಾರದೆನ್ನುವ ಹಳೇ ಕಾಲದ ಭಯ ಅಂತ ನಾನೇ ತೀರ್ಮಾನ ಮಾಡಿದೆ. ಅವಳು ಯಾಕೆ ಬೇಡ ಅಂದಳು ಅಂತ ಕೂತು ಯೋಚಿಸಲಿಲ್ಲ. ಒಂದು ಗಳಿಗೆ ಯೋಚಿಸಿದ್ದರೆ ತಿಳಿಯುತ್ತಿತ್ತು. ಅನ್ನದ ಪಾತ್ರೆ ಎಷ್ಟು ದೊಡ್ಡದಿತ್ತು, ಉಣ್ಣುವ ಬಾಯಿ ಎಷ್ಟಿದ್ದವು, ಎರಡೂ ನನಗೆ ಗೊತ್ತಿತ್ತಲ್ಲ!

ಮುಂದಿನ ಭಾನುವಾರ ಸಂಜೆ ನಮ್ಮ ಬೀದಿಯ ಮೈದಾನದಲ್ಲಿ ಸೋಮವಾರನ ಸಭೆ. ಹೆಂಗಸರು ಒಂದು ಕಡೆ ಚಾಪೆಯ ಮೇಲೆ ಕೂತಿದ್ದರು. ಅವ್ವ ಬಂದಿರಲಿಲ್ಲ. ಅಪ್ಪಾಜಿ ಹಿಂದೆ ಬೇವಿನ ಮರದ ಕೆಳಗೆ ನಿಂತಿದ್ದರು. ಸೋಮವಾರ ಮತ್ತೆ ಮಾತುಗಳ್ಳನ ಕತೆ ತೆಗೆದ. ನಾನು ಎದ್ದು ನಿಂತೆ.

‘ಆ ಮಾತು ನಿಮ್ಮದಲ್ಲ, ಅವರದೂ ಅಲ್ಲ. ನಮ್ಮವ್ವಂದು. ನಮ್ಮನೇಲಿ ವಾರಾನ್ನಕ್ಕೆ ಬರ್ತಿದ್ದಾಗ ಇಬ್ಬರೂ ಕೇಳಿದ್ದೀರಿ. ಕದ್ದಿದ್ರೆ ಇಬ್ಬರೂ ಕದ್ದಿದ್ದೀರಿ.’

ಸಭೆ ಗುಜುಗುಜು ಅಂದಿತು. ನನಗೆ ಒಳಗೇ ಜಂಬ. ಸೋಮವಾರ ನನ್ನನ್ನೇ ನೋಡಿದ. ವಕೀಲ ತಾನೆ, ಎದುರು ಪ್ರಶ್ನೆ ಹಾಕುತ್ತಾನೆ ಅಂದುಕೊಂಡಿದ್ದೆ. ಅವನು ಕನ್ನಡಕ ತೆಗೆದ. ದನಿ ಇಳಿದಿತ್ತು.

‘ತಂಗಿ ಹೇಳಿದ್ದು ನಿಜ. ಇದು ಆ ತಾಯಿಯ ಮಾತು. ನನ್ನ ಬಾಯಿಗೆ ಹೇಗೆ ಬಂತು ಅನ್ನೋದನ್ನೇ ಮರೆತಿದ್ದೆ. ಮೇಷ್ಟ್ರ ಕ್ಷಮೆ ಕೇಳ್ತೀನಿ’ ಅಂದ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಿಲ್ಲಿಸಲಿಲ್ಲ. ‘ಆದರೆ ಆ ತಾಯಿ ಯಾಕೆ ಹಾಗೆ ಹೇಳ್ತಿದ್ರು ಗೊತ್ತಾ ನಿಮಗೆ? ಒಂದು ಸೋಮವಾರ ಊಟ ಮುಗಿಸಿ ಕೈ ತೊಳೆಯಲು ಹಿತ್ತಿಲಿಗೆ ಹೋದೆ. ಅಡುಗೆಮನೆ ಕಿಟಕಿ ತೆರೆದಿತ್ತು. ಬರಿದಾದ ಅನ್ನದ ಪಾತ್ರೆಗೆ ನೀರು ಹಾಕಿ, ತಳದ ಅಗುಳು ತೊಳೆದು, ಉಪ್ಪು ಕಲಸಿ ಕುಡೀತಿದ್ರು. ಒಪ್ಪೊತ್ತು ಅನ್ನೋದೆಲ್ಲ ಸುಳ್ಳು. ಅವರಿಗೆ ಅನ್ನ ಉಳೀತಿರಲಿಲ್ಲ. ನನಗೆ ಗೊತ್ತಾಯ್ತು. ಗೊತ್ತಾದ ಮೇಲೂ ಮುಂದಿನ ಸೋಮವಾರ ಹೋಗಿ ಉಂಡೆ. ಹಸಿವು. ಏನು ಮಾಡಲಿ?’

ಅವನು ಓಟಿಗಾಗಿ ಹೇಳಿದನೋ, ಎದೆಯೊಳಗೆ ಇಟ್ಟುಕೊಳ್ಳಲಾರದೆ ಹೇಳಿದನೋ ನನಗೆ ಇವತ್ತಿಗೂ ತಿಳಿಯದು. ಎರಡೂ ಇದ್ದೀತು. ಚಾಪೆಯ ಮೇಲಿನ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಪಕ್ಕದ ಮನೆಯಾಕೆ ನನ್ನ ಕೈ ಹಿಡಿದು, ‘ಎಂಥಾ ತಾಯಿ ಕಣಮ್ಮ ನಿಂದು’ ಅಂದರು. ನಾನು ನಿಂತೇ ಇದ್ದೆ. ವಾರಕ್ಕೊಂದು ದಿನ ಬರುತ್ತಿದ್ದವನು ಕಂಡಿದ್ದ. ದಿನಾ ಅದೇ ಮನೆಯಲ್ಲಿದ್ದ ನಾನು ಕಂಡಿರಲಿಲ್ಲ. ಅವನ ಪಕ್ಕದಲ್ಲೇ ಕೂತು, ಇನ್ನೊಂದು ಸೌಟು ಹಾಕವ್ವ ಅಂದವಳು ನಾನು. ಹಿಂತಿರುಗಿ ಬೇವಿನ ಮರದ ಕಡೆ ನೋಡಿದೆ. ಅಪ್ಪಾಜಿ ಅಲ್ಲಿರಲಿಲ್ಲ.

ಮನೆಗೆ ಬಂದರೆ ಅಪ್ಪಾಜಿ ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಅವ್ವ ತಟ್ಟೆ ಇಟ್ಟು ಕರೆದಳು. ಅವರು ಎದ್ದು ನೆಟ್ಟಗೆ ಅಡುಗೆಮನೆಗೆ ಹೋದರು. ಹುಟ್ಟಿದಾಗಿನಿಂದ ಆ ಹೊಸಿಲು ದಾಟಿದ್ದನ್ನು ನಾನು ನೋಡಿರದ ಮನುಷ್ಯ ಅನ್ನದ ಪಾತ್ರೆಯ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದರು.

‘ಇದೇನ್ರೀ?’ ಅಂದಳು ಅವ್ವ.

‘ನಿನಗಿದೆಯಾ ಅಂತ ನೋಡ್ದೆ.’

ಏನಾಯಿತು ಅಂತ ತಿಳಿಯಲು ಅವ್ವನಿಗೆ ಅಷ್ಟು ಸಾಕಾಯಿತು. ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಪ್ಪಾಜಿಯ ಕೈಯಿಂದ ಮುಚ್ಚಳ ತೆಗೆದುಕೊಂಡು ಪಾತ್ರೆ ಮುಚ್ಚಿದಳು.

ಸೋಮವಾರ ಎಲೆಕ್ಷನ್ ಗೆದ್ದ. ಗುರುವಾರ ಸೋತ, ಆದರೆ ಅವನ ಕೆಲಸ ಉಳಿಯಿತು, ಹೆಸರೂ ಉಳಿಯಿತು. ನಾನು ಮಾಡಿದ್ದು ತಪ್ಪು ಅಂತ ಯಾರೂ ಹೇಳಲಿಲ್ಲ. ಸ್ಕೂಲಿನಲ್ಲಿ ಹೆಡ್‌ಮಿಸ್ಸು ಬೆನ್ನು ತಟ್ಟಿದರು. ಇತ್ತ ಅಪ್ಪಾಜಿ ಪ್ರತಿ ಊಟಕ್ಕೂ ಮೊದಲು ಪಾತ್ರೆ ನೋಡುವುದು ನಿಲ್ಲಲಿಲ್ಲ. ಬರಬರುತ್ತ ಅವ್ವನೇ, ಬಸ್ಸಿನಲ್ಲಿ ಕಂಡಕ್ಟರಿಗೆ ಟಿಕೆಟ್ ತೋರಿಸುವ ಹಾಗೆ, ಪಾತ್ರೆ ಓರೆ ಮಾಡಿ ಅವರಿಗೆ ತೋರಿಸತೊಡಗಿದಳು. ಆಗ ಮನೆಯಲ್ಲಿ ಅಕ್ಕಿಗೆ ಏನೂ ಕೊರತೆ ಇರಲಿಲ್ಲ, ನನ್ನ ಸಂಬಳವೂ ಬರುತ್ತಿತ್ತು. ವಾರಾನ್ನ ಮಾತ್ರ ನಿಂತುಹೋಯಿತು. ಕೇಳಿಕೊಂಡು ಬಂದವರನ್ನು ಅಪ್ಪಾಜಿಯೇ ಗೇಟಿನಲ್ಲಿ ಮಾತಾಡಿಸಿ ಕಳಿಸಿಬಿಡುತ್ತಿದ್ದರು.

ಗುರುವಾರ ತನಗೆ ಮಗು ಹುಟ್ಟಿದ ಸುದ್ದಿ ಹೇಳಲು ಸಕ್ಕರೆ ತಂದ. ಅವ್ವನ ಮುಖ ಎಷ್ಟೋ ದಿನದ ಮೇಲೆ ಅರಳಿತು. ‘ಉಂಡ್ಕೊಂಡ್ ಹೋಗು’ ಅಂತ ತಾನೇ ಮಣೆ ಹಾಕಿ, ಹುಳಿ ಅನ್ನ ಬಡಿಸಿದಳು. ಅವನು ತಟ್ಟೆಯ ಮುಂದೆ ಕೂತು, ‘ನಿಮ್ದಾಯ್ತಾ ಅವ್ವ?’ ಅಂದ.

‘ನಂದಾಯ್ತು ಕಣಪ್ಪ, ನೀನು ಉಣ್ಣು.’

ನಿಜವಾಗಿಯೂ ಆಗಿತ್ತು. ಅರ್ಧ ಗಂಟೆ ಮುಂಚೆ ಅವ್ವ, ನಾನು ಇಬ್ಬರೂ ಒಟ್ಟಿಗೇ ಉಂಡಿದ್ದೆವು. ಗುರುವಾರ ಕಲಸಿದ ಅನ್ನ ಕೈಯಲ್ಲೇ ಹಿಡಿದು ಅವಳ ಮುಖ ನೋಡಿದ. ಆಮೇಲೆ ನನ್ನ ಮುಖ ನೋಡಿದ, ನಾನು ಹೂಂ ಅನ್ನಲಿ ಅಂತ. ಹೂಂ ಅಂದೆ. ಆದರೂ ಎರಡು ತುತ್ತು ತಿಂದು, ‘ಹೊಟ್ಟೆ ತುಂಬಿದೆ ಅವ್ವ’ ಅಂತ ಎದ್ದುಬಿಟ್ಟ. ಅವ್ವನ ಒಪ್ಪೊತ್ತಿನ ಹಾಗೆ ಅವನದೂ ಸುಳ್ಳೇ.

ಅವನು ಹೋದ ಮೇಲೆ ಅವ್ವ ಆ ತಟ್ಟೆ ತೆಗೆಯಲು ಬಂದವಳು ಅಲ್ಲೇ ಕೂತಳು. ಮೊದಲ ಸಲ ಆ ವಿಷಯ ಎತ್ತಿದಳು.

‘ಕೊನೇಲಿ ಉಣ್ತೀನಿ ಅಂದ್ರೆ ಎಲ್ರೂ ನಂಬೋರು. ನೆಮ್ಮದಿಯಾಗಿ ಉಂಡು ಹೋಗೋರು. ಹಸ್ಕೊಂಡಿದ್ದಾಗ ನಂಬೋರು ಕಣೇ. ಈಗ ನಿಜವಾಗ್ಲೂ ಉಂಡಿದ್ರೂ ಒಬ್ರೂ ನಂಬಲ್ಲ.’

‘ನಾನು ನಂಬ್ತೀನವ್ವ’ ಅಂದೆ.

ಅನ್ನುವಾಗಲೇ ನನ್ನ ಕಣ್ಣು ಅನ್ನದ ಪಾತ್ರೆಯ ಕಡೆ ಹೋಯಿತು. ಅವ್ವ ಅದನ್ನು ನೋಡಿದಳು.