ಬಲ್ಬ್ ಹಾಕಲು ಬಿಚ್ಚಿಟ್ಟ ಬಳೆ

ನನ್ನ ಕೈ ಚಿಕ್ಕದು. ಬಳೆ ಅಂಗಡಿಗೆ ಹೋದರೆ "ಮಕ್ಕಳ ಸೈಜ್ ಕೊಡ್ಲಾ ಆಂಟಿ?" ಎಂದು ಕೇಳುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ. ಇದೇ ಕೈಯಲ್ಲಿ ಇಪ್ಪತ್ತು ವರ್ಷದಿಂದ ಬ್ಲೌಸ್ ಹೊಲಿದು ಮನೆ ನಡೆಸಿದ್ದೇನೆ, ಅದನ್ನು ಯಾರೂ ಹೀಗಳೆಯುವ ಹಾಗಿಲ್ಲ. ನಮ್ಮ ಯಜಮಾನರಿಗೆ ಕಾಮಾಕ್ಷಿಪಾಳ್ಯದಲ್ಲಿ ಕಾರಿನ ಲೈಟು, ಹಾರನ್ನು, ವೈರಿಂಗು ರಿಪೇರಿ ಮಾಡುವ ಅಂಗಡಿ ಇದೆ. ಪಕ್ಕದ ಮಳಿಗೆಯಲ್ಲಿ ನನ್ನ ಹೊಲಿಗೆ ಮಿಷನ್. ಅವರ ಕೈ ಹೋಗದ ಸಂದಿಗೆ ಸ್ಕ್ರೂ ಬಿದ್ದರೆ ಗೋಡೆ ಬಡಿಯುತ್ತಾರೆ, ನಾನು ಹೋಗಿ ಎತ್ತಿಕೊಡುತ್ತೇನೆ. ಅವರದು ಮೊರದಷ್ಟು ಅಗಲದ ಕೈ.

ಹೋದ ವರ್ಷ ಒಂದು ಮಧ್ಯಾಹ್ನ ಹಾಗೆಯೇ ಗೋಡೆ ಬಡಿದರು. ಹೋಗಿ ನೋಡಿದರೆ ಅಂಗಡಿ ಮುಂದೆ ಕೆಂಪು ಬಣ್ಣದ, ಇಬ್ಬರೇ ಕೂರುವ ಸ್ಪೋರ್ಟ್ಸ್ ಕಾರು. ಅಂಥದ್ದು ನಮ್ಮ ರಸ್ತೆಗೆ ಹೇಗೆ ಇಳಿಯಿತೋ ಗೊತ್ತಿಲ್ಲ. ಅದರ ಒಡೆಯರು ಬಸವೇಶ್ವರನಗರದ ಒಬ್ಬ ಡಾಕ್ಟರು, ಮೆತ್ತಗೆ ಮಾತಾಡುವ ಮನುಷ್ಯ. ಎಡಗಡೆಯ ಹೆಡ್‌ಲೈಟ್ ಬಲ್ಬ್ ಹೋಗಿತ್ತು. ಚಕ್ರ ಬಿಚ್ಚಿ ಆ ಕಡೆಯಿಂದ ಕೈ ಹಾಕಬೇಕಂತೆ, ಆದರೆ ಗಾಡಿ ಎಷ್ಟು ಗಿಡ್ಡ ಎಂದರೆ ನಮ್ಮ ಜಾಕು ಅದರ ಅಡಿಗೇ ಹೋಗಲಿಲ್ಲ. ಇನ್ನು ಉಳಿದದ್ದು ಬಾನೆಟ್ಟಿನ ಒಳಗಿನ ಒಂದು ಸಂದಿ. ಒಂದು ಪಕ್ಕ ಬ್ಯಾಟರಿ, ಇನ್ನೊಂದು ಪಕ್ಕ ಎಂಜಿನ್ ತಣಿಸುವ ಫ್ಯಾನು. ಫ್ಯಾನಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಯಜಮಾನರು ಜಾಗ ಆಗಲೆಂದು ತೆಗೆದಿಟ್ಟಿದ್ದರು. ಕಪ್ಪು ರೆಕ್ಕೆಗಳು ಕಾಣುತ್ತಿದ್ದವು.

"ಬ್ಯಾಟರಿ ವೈರ್ ಬಿಚ್ಚಿಬಿಡಿ ರೀ, ನಂಗೆ ಭಯ ಆಗುತ್ತೆ," ಎಂದೆ.

"ಬಿಚ್ಚಿದ್ರೆ ಕಂಪ್ಯೂಟರ್ ಸೆಟ್ಟಿಂಗ್ ಎಲ್ಲ ಹೋಗುತ್ತಂತೆ. ಸಾರ್ ಬೇಡ ಅಂದ್ರು. ಎಂಜಿನ್ ಆಫ್ ಆಗಿದೆ, ತಣ್ಣಗೂ ಆಗಿದೆ. ಏನೂ ಆಗಲ್ಲ ಕಣೇ. ಬಳೆ ಬಿಚ್ಚು."

ಬಲಗೈಯ ಹಸಿರು ಗಾಜಿನ ಬಳೆಗಳನ್ನು ಸೋಪು ಹಚ್ಚಿ ತೆಗೆದು ಸ್ಟೀಲ್ ಲೋಟಕ್ಕೆ ಹಾಕಿದೆ. ಕೈ ಬೋಳಾಯಿತು. ಮುತ್ತೈದೆ ಕೈ ಒಂದು ಗಳಿಗೆಯೂ ಬರಿದಾಗಿರಬಾರದು, ಬಳೆ ಬದಲಾಯಿಸುವಾಗಲೂ ಅರಿಶಿನದ ದಾರ ಕಟ್ಟಿಕೊಂಡಿರಬೇಕು ಎಂದು ನಮ್ಮಮ್ಮ ಕಲಿಸಿದ್ದರು. ಗಂಡನ ಆಯುಸ್ಸಿನ ವಿಷಯ. ನಾನು ಮಿಷನ್ನಿನ ದಾರವನ್ನೇ ನಾಲ್ಕೆಳೆ ಮಾಡಿ, ಅಂಗಡಿಯ ದೇವರ ಪಟದ ಮುಂದಿದ್ದ ಅರಿಶಿನ ಸವರಿ ಕಟ್ಟಿಕೊಂಡೆ.

"ಅದು ಒಳಗೆ ಸಿಕ್ಕಾಕೊಳ್ಳುತ್ತೆ, ಬಿಚ್ಚೇ," ಎಂದರು. "ಎಡಗೈಲಿ ಬಳೆ ಇದೆಯಲ್ಲ."

"ನಿಮಗೇನು ಗೊತ್ತು? ಸುಮ್ನೆ ಕನ್ನಡಿ ಹಿಡ್ಕೊಳ್ಳಿ."

ಅವರು ಸಂದಿಯೊಳಗೆ ಸಣ್ಣ ಕನ್ನಡಿ ಹಿಡಿದರು. ಬಲ್ಬಿನ ಗಾಜಿಗೆ ಬೆರಳು ತಾಗಿಸಬೇಡ, ಜಿಡ್ಡು ಹತ್ತಿದರೆ ಬೇಗ ಸುಟ್ಟುಹೋಗುತ್ತದೆ ಎಂದು ಇನ್ನೊಮ್ಮೆ ಹೇಳಿದರು. ಡಾಕ್ಟರು ಕಾರಿನೊಳಗೆ ಕೂತಿದ್ದರು. ಮಡ್ಗಾರ್ಡಿನ ಮೇಲೆ ತಟ್ಟಿದರೆ ಲೈಟು ಹಾಕಬೇಕು ಎಂದು ಅವರಿಗೆ ಹೇಳಿಯಾಗಿತ್ತು. ನಾನು ಕೈ ಇಳಿಸಿದೆ. ಮೊಣಕೈವರೆಗೆ ಹೋಯಿತು. ಬಲ್ಬನ್ನು ಗೂಡಿಗೆ ಕೂರಿಸಿ, ಅದನ್ನು ಒತ್ತಿ ಹಿಡಿಯುವ ತಂತಿಯ ಕ್ಲಿಪ್ಪನ್ನು ಬೆರಳ ತುದಿಯಲ್ಲಿ ನೂಕಿದೆ. ಟಿಕ್ ಎಂದಿತು. ಕನ್ನಡಿಯಲ್ಲಿ ಅದನ್ನು ನೋಡಿ ಯಜಮಾನರ ಮುಖ ಅರಳಿತು.

ಕೈ ಎಳೆದೆ, ಬರಲಿಲ್ಲ. ಮಣಿಕಟ್ಟಿನ ದಾರ ಆ ಕ್ಲಿಪ್ಪಿನ ಕೊಕ್ಕೆಗೆ ಸಿಕ್ಕಿಕೊಂಡಿತ್ತು. ನಾಲ್ಕೆಳೆ ದಾರ, ಕೀಳಲು ನೋಡಿದಷ್ಟೂ ಬಿಗಿಯುತ್ತಿತ್ತು. ಆಗಲೇ ಹೇಳಬೇಕಿತ್ತು. "ನಾನು ಹೇಳಲಿಲ್ವಾ" ಎಂಬ ಮಾತನ್ನು ಅವರ ಬಾಯಿಂದ ಕೇಳಲು ಇಷ್ಟವಿಲ್ಲದೆ, ಸದ್ದಿಲ್ಲದೆ ಬಿಡಿಸಿಕೊಳ್ಳೋಣ ಎಂದು ಬಾಯಿ ಮುಚ್ಚಿಕೊಂಡೆ. ನನ್ನ ಹಾಳು ಜಂಬ. ನಾನು ಕೈ ತೆಗೆಯುತ್ತಿದ್ದೇನೆ ಎಂದುಕೊಂಡು ಅವರು ಮಡ್ಗಾರ್ಡಿನ ಮೇಲೆ ತಟ್ಟಿದರು.

ಡಾಕ್ಟರು ಲೈಟು ಹಾಕಲು ಬಟನ್ ಒತ್ತಿದ್ದಾರೆ. ದಿನವೂ ಗಾಡಿ ತೆಗೆಯುವ ಅಭ್ಯಾಸದಲ್ಲಿ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗಿದೆ. ಬ್ರೇಕ್ ತುಳಿದು ಬಟನ್ ಒತ್ತಿದರೆ ಆ ಕಾರು ಸ್ಟಾರ್ಟೇ ಆಗಿಬಿಡುತ್ತದಂತೆ. ಎಂಜಿನ್ ಸ್ಟಾರ್ಟ್ ಆಯಿತು, ಏಸಿಯೂ ಆನ್ ಆಯಿತು, ಅದರ ಹಿಂದೆಯೇ ಫ್ಯಾನು ತಿರುಗಿತು.

ನನ್ನ ಮುಂಗೈಗೂ ಆ ರೆಕ್ಕೆಗೂ ಎರಡು ಬೆರಳು ಅಂತರ. ಗಾಳಿ ಚರ್ಮಕ್ಕೆ ಬಡಿಯುತ್ತಿತ್ತು. ಎಳೆದಷ್ಟೂ ಕೈ ರೆಕ್ಕೆಯ ಕಡೆಗೇ ಹೋಗುತ್ತಿತ್ತು. ಕೈ ಹೋಯಿತು, ಇನ್ನು ಸೂಜಿ ಹಿಡಿಯುವ ಹಾಗಿಲ್ಲ ಎಂದುಕೊಂಡೆ. "ದಾರ" ಎಂದಷ್ಟೇ ಹೇಳಿದೆ.

ಅವರಿಗೆ ಅರ್ಥವಾಯಿತು. "ಅಲ್ಲಾಡಬೇಡ," ಎಂದವರೇ ತಮ್ಮ ಎಡಗೈಯನ್ನು ಆ ಸಂದಿಗೆ ತುರುಕಿ ನನ್ನ ಕೈಗೂ ಫ್ಯಾನಿಗೂ ನಡುವೆ ಅಡ್ಡ ಹಿಡಿದರು. ಅಲ್ಲಿ ಅಷ್ಟು ದೊಡ್ಡ ಕೈ ಹೇಗೆ ಹಿಡಿಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಲಗೈಯಲ್ಲಿ ಮಡ್ಗಾರ್ಡನ್ನು ದಬದಬ ಬಡಿದರು. ಕಾರಿನ ಕಿಟಕಿ ಮುಚ್ಚಿತ್ತು, ಎದುರಿಗೆ ಬಾನೆಟ್ಟು ಎದ್ದು ನಿಂತಿತ್ತು. ಲೈಟು ಸಾಲದೇನೋ ಎಂದು ಡಾಕ್ಟರು ಹೈಬೀಮ್ ಹಾಕಿದರು. ಯಜಮಾನರು ಇನ್ನೂ ಜೋರಾಗಿ ಬಡಿದರು. ಇವರು ಅಲ್ಲಿಂದ ಕೈ ತೆಗೆದು ಓಡಿದರೆ ನನ್ನ ಗತಿ ಏನು ಎಂದು ಹೆದರಿದೆ, ಓಡದಿದ್ದರೆ ಏನು ಎಂದೂ ಹೆದರಿದೆ. ಆಮೇಲೆ ನಾನು ಕಿರುಚಿದೆನಂತೆ, ಎದುರಿನ ಗಾರ್ಮೆಂಟ್ಸಿನ ಹೆಂಗಸರು ಕಿಟಕಿಗೆ ಬಂದರಂತೆ. ಡಾಕ್ಟರು ಇಳಿದು ಬಂದು ನೋಡಿ, ವಾಪಸ್ ಓಡಿ ಆಫ್ ಮಾಡಿದರು.

ಫ್ಯಾನು ನಿಂತಿತು. ಯಜಮಾನರು ಬಾಗಿ, ಬಲಗೈಯಲ್ಲಿ ಬ್ಲೇಡು ಒಳಗಿಳಿಸಿ, ದಾರದ ಹತ್ತಿರ ತಂದು ನಿಲ್ಲಿಸಿದರು.

"ಕತ್ತರಿಸ್ಲಾ?" ಎಂದು ಕೇಳಿದರು.

ನನ್ನ ದಾರ, ವ್ರತ, ಹರಕೆಗಳನ್ನೆಲ್ಲ ಜೀವಮಾನವಿಡೀ ಆಡಿಕೊಂಡು ನಕ್ಕ ಮನುಷ್ಯ ಅಪ್ಪಣೆ ಕೇಳುತ್ತಿದ್ದರು. ತಲೆಯಾಡಿಸಿದೆ. ಕೈ ಹೊರಗೆ ಬಂತು, ಒಂದು ಗೀರೂ ಇರಲಿಲ್ಲ. ಸಮಾಧಾನದಲ್ಲಿ ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಅವರು ಲೋಟ ತಂದುಕೊಟ್ಟಾಗ ಹಸಿರು ಬಳೆಗಳ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು. ಅವರ ಎಡಗೈಯ ಉಂಗುರದ ಬೆರಳಿನ ಉಗುರನ್ನು ಫ್ಯಾನು ಬುಡಸಮೇತ ಕಿತ್ತಿತ್ತು. ಆ ಡಾಕ್ಟರು ತಾವೇ ಪಟ್ಟಿ ಕಟ್ಟಿದರು, ನೂರು ಸಲ ಸಾರಿ ಕೇಳಿದರು. ನಾನು ಅವರನ್ನು ಬೈಯಲಿಲ್ಲ. ಯಾವ ಬಾಯಲ್ಲಿ ಬೈಯಲಿ? ಗಂಡನಿಗೆ ಏನೂ ಆಗದಿರಲಿ ಎಂದು ಕಟ್ಟಿಕೊಂಡ ದಾರವೇ ಅವರ ಬೆರಳಿಗೆ ಕುತ್ತು ತಂದಿತ್ತು.

"ನಾನು ಹೇಳಲಿಲ್ವಾ" ಎಂದು ಅವರು ಅವತ್ತೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಎರಡು ತಿಂಗಳ ಮೇಲೆ ಅದೇ ಕೆಂಪು ಕಾರು ಬಂತು. ಈ ಸಲ ಬಲಗಡೆಯ ಬಲ್ಬು. ಅದರ ಸದ್ದು ಕೇಳಿಯೇ ನಾನು ಮಿಷನ್ ನಿಲ್ಲಿಸಿದೆ. ಯಜಮಾನರು ಗೋಡೆ ಬಡಿಯಲಿಲ್ಲ. ತಾವೇ ಕೈ ತುರುಕಲು ಒದ್ದಾಡುತ್ತಿದ್ದರು, ಉಗುರು ಇನ್ನೂ ಅರ್ಧವೇ ಬೆಳೆದಿತ್ತು. ನಾನೇ ಎದ್ದು ಹೋದೆ. ಕಂಪ್ಯೂಟರ್ ಏನಾದರೂ ಆಗಲಿ ಎಂದು ಬ್ಯಾಟರಿ ವೈರ್ ಬಿಚ್ಚಿಸಿದೆ. ಡಾಕ್ಟರನ್ನು ಎದುರಿನ ಹೋಟೆಲಿಗೆ ಕಾಫಿ ಕುಡಿಯಲು ಅಟ್ಟಿದೆ. ಬಳೆಗಳನ್ನು ಒಂದೊಂದಾಗಿ ತೆಗೆದು ಯಜಮಾನರ ಕೈಗೇ ಕೊಟ್ಟೆ. ದಾರ ಕಟ್ಟಲಿಲ್ಲ.

ಫ್ಯಾನಿನ ಭಯ ಅವತ್ತು ಇರಲಿಲ್ಲ. ಬೋಳು ಕೈಯದೇ ಭಯ. ಬೆರಳು ಒಳಗೆ ಕ್ಲಿಪ್ಪು ಹುಡುಕುತ್ತಿದ್ದರೆ ಕಣ್ಣು ಅವರ ಮುಖದ ಮೇಲಿತ್ತು. ಉಸಿರಾಡುತ್ತಿದ್ದಾರಾ, ಎದೆ ಹಿಡಿದುಕೊಂಡರಾ, ಬೆವರಿದರಾ ಎಂದು ನೋಡುತ್ತಲೇ ಇದ್ದೆ. ಅವರಿಗೆ ಅದು ಗೊತ್ತಾಗಿತ್ತು. ಬಲ್ಬು ಕೂತಿತು, ಕೈ ಹೊರಗೆ ತೆಗೆದೆ.

"ಬದುಕಿದೀನಿ ಕಣೇ," ಎಂದು ಬಳೆ ನೀಡಿದರು. "ಹಾಕ್ಕೋ."