ಭಾವ ತಂದ ಚಳಿ

ನಾನು ವರ್ಷಗಟ್ಟಲೆ ಚಳಿಯ ಪಾಠ ಮಾಡಿದವನು. ಆದರೆ ಚಳಿಯನ್ನು ಕಂಡವನಲ್ಲ. ಆದೋನಿಯ ಕನ್ನಡ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ಕಾಲದಲ್ಲಿ, ಹಿಮದ ನಾಡಿನ ಪ್ರಾಣಿಗಳ ಪಾಠ ಪ್ರತಿ ವರ್ಷವೂ ಮಾರ್ಚ್ ತಿಂಗಳಿಗೇ ಬಂದು ಬೀಳುತ್ತಿತ್ತು. ಹಿಮಕರಡಿಯ ತೊಗಲಿನ ಕೆಳಗೆ ಕೊಬ್ಬಿನ ದಪ್ಪ ಪದರವಿರುತ್ತದೆ ಎಂದು ಹೇಳುವ ಹೊತ್ತಿಗೆ ನನ್ನ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. ನಮ್ಮೂರಲ್ಲಿ ಚಳಿಯೆಂದರೆ ಧನುರ್ಮಾಸದ ನಾಲ್ಕು ಬೆಳಗು. ಕಿವಿಗೆ ಮಫ್ಲರ್ ಸುತ್ತಿಕೊಂಡು, ಬಾಯಿಂದ ಹೊಗೆ ಬರುತ್ತದೆಯೇ ಎಂದು ಊದಿ ನೋಡಿ, ಬಾರದಿದ್ದರೂ ಬಂತೆಂದುಕೊಳ್ಳುವುದು.

ಎಪ್ಪತ್ತರ ದಶಕದ ಕೊನೆಯ ಒಂದು ಮಾರ್ಚ್‌ನಲ್ಲಿ ಭಾವ ರಜೆಯ ಮೇಲೆ ಬಂದರು. ಅವರು ಪೆದ್ದಹರಿವಾಣಂನವರು, ಹೆಸರು ಬಸವರಾಜ. ಸೈನ್ಯ ಸೇರಿ ಲಡಾಖಿನಲ್ಲಿದ್ದರು. ಅವರು ಊರಲ್ಲಿಲ್ಲದಾಗ ನನ್ನ ಅಕ್ಕ ನಮ್ಮ ಮನೆಯಲ್ಲೇ ಇರುತ್ತಿದ್ದಳು. ಅಕ್ಕನ ಹೆಸರು ಪಾರ್ವತಿ. ಹಿಮವಂತನ ಮಗಳ ಹೆಸರಿಟ್ಟುಕೊಂಡ ಆಕೆ ಶರಬತ್ತಿನ ಲೋಟದಲ್ಲಿ ಬಿಟ್ಟು ಬೇರೆಲ್ಲೂ ಹಿಮ ಕಂಡವಳಲ್ಲ.

ಭಾವ ಬಂದ ದಿನದಿಂದ ಒಂದು ವಿಚಿತ್ರ ಕಂಡಿತು. ಆ ಬಿಸಿಲಿನಲ್ಲೂ ಅವರು ಕಾಲುಚೀಲ ತೆಗೆಯುತ್ತಿರಲಿಲ್ಲ. ಸ್ನಾನಕ್ಕೆ ಹೋದರೆ ಒಳಗಿನಿಂದ ಅಗಳಿ ಹಾಕಿಕೊಂಡು, ಹೊರಬರುವಾಗ ಕಾಲುಚೀಲ ತೊಟ್ಟೇ ಬರುತ್ತಿದ್ದರು.

"ಈ ಬಿಸಿಲಾಗ ಅವೇನ್ರಿ ಕಾಲಿಗೆ? ತಗೀರಿ," ಎಂದಳು ಅಕ್ಕ.

"ರೂಢಿ ಆಗೇತಿ. ಇರ್ಲಿ, ಪರ್ವಾಲೇದು," ಎಂದು ಅವರು ಕಾಲು ಮಡಚಿಕೊಂಡರು.

ನನಗೆ ಕಾಲುಚೀಲದ ಕಡೆ ಅಷ್ಟು ಗಮನವಿರಲಿಲ್ಲ. ನನ್ನ ಪಾಠಕ್ಕೆ ಸಾಕ್ಷಿ ಸಿಕ್ಕಿತ್ತಲ್ಲ! ಸಂಜೆಯಾದರೆ ಅಂಗಳದಲ್ಲಿ ನೀರು ಚಿಮುಕಿಸಿ ಹೊರಸು ಹಾಕಿ ಭಾವನನ್ನು ಕೂರಿಸಿಕೊಳ್ಳುತ್ತಿದ್ದೆ. ಅವರು ಯಾಕ್ ಎಂಬ ದನದ ಮಾತು ಹೇಳುತ್ತಿದ್ದರು: ಅದರ ಕೂದಲು ನೆಲಕ್ಕೆ ತಾಗುವಷ್ಟು ಉದ್ದ, ಅದರಡಿ ಹತ್ತಿಯಂಥ ಇನ್ನೊಂದು ಉಣ್ಣೆ. ಅಲ್ಲಿನ ಜನ ಕೆಳಗಿನ ಅಂತಸ್ತಿನಲ್ಲಿ ಕುರಿ-ದನ ಕಟ್ಟಿ ತಾವು ಮೇಲೆ ಮಲಗುತ್ತಾರಂತೆ. ದನದ ಮೈಬಿಸಿ ಹಲಗೆಯ ಸಂದಿನಿಂದ ಮೇಲೇರಿ ಮಕ್ಕಳನ್ನು ಕಾಯುತ್ತದಂತೆ. ಕೇಳುತ್ತ ಕೇಳುತ್ತ ನನ್ನ ಕಣ್ಣೆದುರಿನ ಬಿಸಿಲ ಗೋಡೆ ಬೆಳ್ಳಗಾಗುತ್ತಿತ್ತು. ಮರುದಿನ ತರಗತಿಯಲ್ಲಿ ಕಿಟಕಿಯಾಚೆ ಹತ್ತಿ ಗಾಡಿಯಿಂದ ಹಾರಿದ ಅರಳೆ ಗಾಳಿಯಲ್ಲಿ ತೇಲಿದರೆ, ಅದೇ ಹಿಮವೆಂದುಕೊಂಡು ನಾನು ಅರ್ಧ ವಾಕ್ಯದಲ್ಲಿ ನಿಂತುಬಿಡುತ್ತಿದ್ದೆ. ಒಮ್ಮೆ ನಿಜಕ್ಕೂ ಮೈ ನವಿರೆದ್ದಿತು. ರೋಮಾಂಚವನ್ನು ಕವಿಗಳು ಭಕ್ತಿಗೂ ಪ್ರೇಮಕ್ಕೂ ಹಂಚಿಕೊಟ್ಟಿದ್ದಾರೆ. ಆದರೆ ಅದು ನಮಗೂ ಮೈತುಂಬ ಕೂದಲಿದ್ದ ಕಾಲದ ನೆನಪು. ಚಳಿಯಾದಾಗ ಕೂದಲು ನಿಮಿರಿ ನಡುವೆ ಗಾಳಿ ಹಿಡಿದಿಡುತ್ತಿತ್ತು. ನಿಂತ ಗಾಳಿಯೇ ಕಂಬಳಿ. ಈಗ ಕಂಬಳಿ ಹೋಗಿದೆ, ನಿಮಿರುವ ಅಭ್ಯಾಸ ಉಳಿದಿದೆ.

ಒಂದು ಸಂಜೆ ಕೇಳಿದೆ, "ಭಾವಾ, ಚಳಿಗೆ ಮೊದಲು ಬೆರಳೇ ಯಾಕ ಕೆಡತಾವು?"

"ಬೆರಳಂದ್ರ ದೂರದ ಹಳ್ಳಿ ಇದ್ದಂಗ, ಮೇಷ್ಟ್ರ," ಎಂದರು ಅವರು. "ಚಳಿ ವಿಪರೀತ ಆದ್ರ ಮೈಯಾಗಿನ ರಕ್ತ ಎದಿ ಉಳಿಸಾಕ ಓಡತೈತಿ. ದೂರದ ಹಳ್ಳಿಗೆ ಬಸ್ಸು ನಿಲ್ಲಿಸಿಬಿಡತಾರ. ಮೊದಲು ಉರೀತೈತಿ, ಆಮ್ಯಾಲ ಜುಮ್ ಅಂತೈತಿ, ಆಮ್ಯಾಲ ಏನೂ ಇಲ್ಲ."

ಅಕ್ಕ ಪಕ್ಕದಲ್ಲೇ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು: "ನೋವ ಇಲ್ಲಂದ್ರ ಬೆರಳು ಹೋಗಿದ್ದು ಯಾವಾಗ ಗೊತ್ತಾಗತೈತಿ?"

"ಬೂಟು ಬಿಚ್ಚಿದಾಗ," ಎಂದುಬಿಟ್ಟರು ಭಾವ.

ಅದು ಯಾರದೋ ಕಥೆ ಹೇಳುವವರ ದನಿಯಾಗಿರಲಿಲ್ಲ. ಅಕ್ಕ ಮೊರ ಸರಿಸಿ ಅವರ ಕಾಲ ಬಳಿ ಬಂದು ಕೂತಳು. ಭಾವ ಎಡಗಾಲನ್ನು ಹಿಂದಕ್ಕೆಳೆದುಕೊಂಡರು. ಆಕೆ ಅದನ್ನೇ ಹಿಡಿದು ಕಾಲುಚೀಲ ತೆಗೆದಳು. ಕಿರುಬೆರಳೂ ಅದರ ಪಕ್ಕದ್ದೂ ಇರಲಿಲ್ಲ.

"ಯಾವಾಗ ಆತಿದು?"

"ಹ್ವಾದ ವರ್ಷ."

"ಯಾಕ ಬರೀಲಿಲ್ಲ?"

"ಬರೆದಿದ್ರ ನೀ ಇಲ್ಲಿ ಅಳತಿದ್ದಿ. ನಾ ಅಲ್ಲಿ ಕುಂತು ಏನ್ ಮಾಡ್ಲಿ? ಈಗ ಸ್ಟೋರಿನಾಗ ಕೆಲಸ ಕೊಟ್ಟಾರ. ಫಿಕರ್ ಮಾಡಬ್ಯಾಡ."

ಅಕ್ಕ ಅಳಲಿಲ್ಲ. ಆದರೆ ಎರಡು ದಿನ ಊಟಕ್ಕೆ ಕರೆದದ್ದು ಬಿಟ್ಟರೆ ಗಂಡನೊಡನೆ ಮಾತಿಲ್ಲ. ನನ್ನೊಡನೆಯೂ ಅಷ್ಟೇ. ಎರಡು ಬೆರಳು ಹೋದ ಕಾಲಿನ ಪಕ್ಕದಲ್ಲೇ ಕೂತು ಇಷ್ಟು ಸಂಜೆ ಚಳಿಯ ಸುಖ ಅನುಭವಿಸಿದ ನನಗೆ ನಾಚಿಕೆಯಾಗಿತ್ತು. ಪಾಠವನ್ನೂ ನಿಲ್ಲಿಸಿ ಬೇರೆ ಪಾಠಕ್ಕೆ ಹೋಗಿದ್ದೆ.

ಮೂರನೆಯ ಸಂಜೆ ಅಕ್ಕ ತಾನಾಗಿ ಬಂದು ಹೊರಸಿನ ತುದಿಗೆ ಕೂತಳು. "ಅಲ್ಲಿ ನಾಯಿ ಅದಾವೇನ್ರಿ?"

"ಅದಾವ. ನಮ್ಮ ಠಾಣ್ಯಾಗೂ ಒಂದೈತಿ."

"ಎಲ್ಲಿ ಮಲಗತೈತಿ?"

"ಹೊರಗ, ಹಿಮದಾಗ. ಸುತ್ತಿಕೊಂಡು, ಬಾಲದಾಗ ಮೂಗು ಮುಚ್ಚಿಕೊಂಡು ಮಲಗತೈತಿ. ಮ್ಯಾಲ ಹಿಮ ಬಿದ್ರೂ ಏಳೂದಿಲ್ಲ. ಮುಂಜಾನೆ ಮೈ ಝಾಡಿಸಿ ನಿಂತ್ರ ಏನೂ ಆಗಿರೂದಿಲ್ಲ."

ಅಕ್ಕ ಅವರ ಎಡಗಾಲಿನ ಕಡೆ ನೋಡಿದಳು. "ನಾಯಿಗೆ ಬಾಲ ಐತಿ. ನಿಮಗೇನೈತಿ?"

ಭಾವ ನಗಲು ಹೋಗಿ ನಗು ತಡೆದುಕೊಂಡರು. ಆಮೇಲೆ ಮೆಲ್ಲಗೆ, "ನಿನ್ನ ಕಾಗದ ಅದಾವಲ್ಲ. ಅಂಗಿ ಒಳಗ ಎದಿ ಮ್ಯಾಲ ಇಟ್ಕೋತೀನಿ. ಕಾಗದ ಬೆಚ್ಚಗಿರತೈತಿ, ಬೇಕಾದ್ರ ಮೇಷ್ಟ್ರನ್ನ ಕೇಳು," ಎಂದರು.

ಅಕ್ಕ ನನ್ನ ಕಡೆ ತಿರುಗಿದಳು. ಕಾಗದದ ಮಡಿಕೆಗಳ ನಡುವೆ ಗಾಳಿ ನಿಲ್ಲುತ್ತದೆ, ನಿಂತ ಗಾಳಿ ಚಳಿ ತಡೆಯುತ್ತದೆ ಎಂದೆ. ವಿಜ್ಞಾನದ ಮೇಷ್ಟ್ರಾಗಿ ಅಷ್ಟು ಸಂತೋಷದಿಂದ ನಾನು ಇನ್ನೊಮ್ಮೆ ಉತ್ತರ ಹೇಳಿದ್ದಿಲ್ಲ. "ನಾ ಬರ್ಯೂದು ತಿಂಗಳಿಗೊಂದು ಕಾರ್ಡು," ಎಂದಳು ಅಕ್ಕ, ತನಗೇ ಹೇಳಿಕೊಂಡಂತೆ.

ಭಾವ ಗುಂತಕಲ್ಲಿನ ಕಡೆ ಹೋಗುವ ರೈಲು ಹತ್ತಿದ ಮರುದಿನ ಅಕ್ಕ ನನ್ನಿಂದ ಹಾಳೆಗಳನ್ನು ಕೇಳಿ ಇಸಿದುಕೊಂಡಳು. ಐದನೆಯ ತರಗತಿಯವರೆಗೆ ಓದಿದವಳು. ಆಕೆಯ ಕನ್ನಡ ಅಕ್ಷರಗಳ ತಲೆಕಟ್ಟು ತೆಲುಗಿನ ಕಡೆ ವಾಲುತ್ತಿತ್ತು. ಬರೆದು ಮುಗಿಸಿ, ಇಂಗ್ಲಿಷಿನಲ್ಲಿ ವಿಳಾಸ ಬರೆಯಲೆಂದು ನನ್ನ ಕೈಗೆ ಕೊಟ್ಟಳು. ಓದಬಾರದಿತ್ತು, ಓದಿದೆ. ಯೋಗಕ್ಷೇಮ ಒಂದು ಸಾಲು. ಉಳಿದ ನಾಲ್ಕು ಪುಟದ ತುಂಬ ಆದೋನಿಯ ಬಿಸಿಲು: ಮುಂಜಾನೆ ಹಾಕಿದ ಹಪ್ಪಳ ಮಧ್ಯಾಹ್ನಕ್ಕೇ ಒಣಗಿದ್ದು, ಕಾಗೆ ಬಾಯಿ ತೆರೆದುಕೊಂಡು ಬೇವಿನ ಮರದಲ್ಲಿ ಕೂತದ್ದು, ಮಾಳಿಗೆಯ ನೆಲ ಕಾದು ತಾನು ಕುಣಿದಂತೆ ಓಡಿಬಂದದ್ದು, ಕೊಡದ ನೀರು ಸಂಜೆಯಾದರೂ ಬಿಸಿಯಾಗೇ ಇದ್ದದ್ದು.

ಲಕೋಟೆ ತೂಕ ಹೆಚ್ಚೆಂದು ಅಂಚೆಯವರು ಇನ್ನೊಂದು ಸ್ಟಾಂಪು ಹಚ್ಚಿಸಿದರು.