ಪರೀಕ್ಷೆಯ ರೋಗಿ ಹುಲಿಯಪ್ಪ

ರಿಪ್ಪನ್‌ಪೇಟೆಯ ಸರ್ಕಲ್ಲಿನಲ್ಲಿ ಬಸ್ ಏಜೆಂಟನಾಗಿದ್ದ ಹುಲಿಯಪ್ಪ ಒಂದು ದಿನ ‘ಹೊಸನಗರ, ನಗರ, ತೀರ್ಥ...’ ಎಂದು ಕೂಗುತ್ತಲೇ ಉಸಿರು ಸಾಲದೆ ಕುಕ್ಕರಿಸಿದ. ‘ಹಳ್ಳಿ’ ಅನ್ನುವಷ್ಟೂ ಗಾಳಿ ಎದೆಯಲ್ಲಿ ಉಳಿದಿರಲಿಲ್ಲ. ಘಟ್ಟದ ಕೆಳಗಿನ ಮೆಡಿಕಲ್ ಕಾಲೇಜಿಗೆ ಹೋದರೆ, ಅಲ್ಲಿನ ದೊಡ್ಡ ಡಾಕ್ಟರು ಅವನೆದೆಗೆ ಸ್ಟೆಥಾಸ್ಕೋಪು ಇಟ್ಟು, ಕಣ್ಣು ಮುಚ್ಚಿ, ಕಛೇರಿ ಕೇಳುವವರ ಹಾಗೆ ತಲೆದೂಗಿದರು. ಹೃದಯದ ಕವಾಟವೊಂದು ಕಿರಿದಾಗಿತ್ತು. ರೋಗವೇನೋ ಕೆಟ್ಟದ್ದೇ. ಆದರೆ ಅದರ ಸದ್ದು ಪುಸ್ತಕದಲ್ಲಿ ಬರೆದಿಟ್ಟ ಹಾಗೆಯೇ ಇತ್ತು.

ಇದು ಅರವತ್ತೊಂದನೇ ಇಸವಿಯ ಮಾತು. ಅಲ್ಲಿಂದ ಮುಂದೆ ಪ್ರತಿ ವರ್ಷ ಕೊನೆಯ ಪರೀಕ್ಷೆಯ ಹೊತ್ತಿಗೆ ಕಾಲೇಜಿನಿಂದ ಕಾರ್ಡು ಬರತೊಡಗಿತು: ರೋಗಿಯಾಗಿ ಬಂದು ಮಲಗತಕ್ಕದ್ದು. ಹುಡುಗರು ಅವನನ್ನು ಪರೀಕ್ಷಿಸಿ ರೋಗ ಹೇಳಬೇಕು. ಹುಲಿಯಪ್ಪ ಒಗೆದ ಪಂಚೆಯುಟ್ಟು, ಮದುವೆಗೆ ಹೊರಟವನಂತೆ ಆಗುಂಬೆ ಘಾಟಿ ಇಳಿಯುತ್ತಿದ್ದ. ಮೂರು ವರ್ಷ ಕಳೆಯುವಷ್ಟರಲ್ಲಿ ತನ್ನ ರೋಗದ ನಾಲ್ಕು ಲಕ್ಷಣಗಳೂ ಅವನಿಗೆ ಬಾಯಿಪಾಠ. ಮೊದಲ ಬಡಿತ ಜೋರು. ಅಂಗೈಯಿಟ್ಟರೆ ಬೆಕ್ಕು ಗುರುಗುಟ್ಟಿದ ಹಾಗೆ ಅದುರು. ಎಡಮಗ್ಗುಲಾದರೆ ದೂರದ ಗುಡುಗಿನಂಥ ಮರ್ಮರ. ಆ ಮರ್ಮರ ಬಡಿತಕ್ಕೆ ತುಸು ಮುಂಚೆ ಏರುವುದು. ತಡವರಿಸುವ ಹುಡುಗರಿಗೆ ಪಿಸುಗುಟ್ಟಿ ಹೇಳಿಕೊಟ್ಟು ಪಾಸು ಮಾಡಿಸಿದ್ದ. ಊರಿನಲ್ಲಿ ‘ನಾನು ಡಾಕ್ಟರನ್ನ ತಯಾರು ಮಾಡೋನು’ ಅನ್ನುತ್ತಿದ್ದ.

ಅರವತ್ತಾರರಲ್ಲಿ ತೀರ್ಥಹಳ್ಳಿ ಕಡೆಯ ಜಮೀನ್ದಾರರ ಮಗ ಸುಬ್ಬರಾಯ ಜೀಪಿನಲ್ಲಿ ಅವನ ಮನೆ ಬಾಗಿಲಿಗೇ ಬಂದ. ಜನರಲ್ ಮೆಡಿಸಿನ್‌ನಲ್ಲಿ ಮೂರು ಸಲ ಡುಮ್ಕಿ ಹೊಡೆದಿದ್ದವನು.

‘ಎಲ್ಲಾ ರೋಗದ ಲಕ್ಷಣಾನೂ ಪಟ್ಟಿ ಮಾಡಿದೀನಿ, ಹುಲಿಯಪ್ಪ. ನಿನ್ನದೊಂದನ್ನ ನಿನ್ನ ಹತ್ರಾನೇ ತಿದ್ದಿಸ್ಕೊಳ್ಳೋಣ ಅಂತ.’

ಹುಲಿಯಪ್ಪ ಅಂಗಿ ಬಿಚ್ಚಿ ಬೆಂಚಿನ ಮೇಲೆ ಮಲಗಿದ. ‘ಮೊದ್ಲು ಕೈ ಬಿಸಿ ಮಾಡ್ಕಳಿ ಗೌಡ್ರೆ. ಆಮೇಲೆ ಎದೆ ಮುಟ್ಟಿ ನೋಡಿ.’

‘ನೀನೇ ಹೇಳ್ತೀಯಲ್ಲ, ಮುಟ್ಟೋದ್ಯಾಕೆ? ನಾಲ್ಕನೇದು ಏನಂದೆ?’ ಸುಬ್ಬರಾಯ ನೋಟುಪುಸ್ತಕದಿಂದ ತಲೆ ಎತ್ತಲಿಲ್ಲ.

ಒಂದು ವಾರ ಹೀಗೇ ಪಾಠ ನಡೆಯಿತು. ಎದೆ ಮುಟ್ಟಿದವಳು ಹೆಂಡತಿ ಬಂಗಾರಮ್ಮ ಒಬ್ಬಳೇ.

‘ಇದೆಂತದ್ರೀ ಇದು? ಗಾಡಿ ಕಲ್ಲಿನ ಮೇಲೆ ಓಡಿದಂಗೆ ಬಡ್ಕೊಳ್ತದೆ! ಬಾವಿಕಟ್ಟೆಗೆ ಹೋದ್ರೂ ಮೇಲುಸಿರು ಬಿಡ್ತೀರಿ.’

‘ನಿಂಗೆಂತ ಗೊತ್ತು ಡಾಕ್ಟರಿಕೆ? ಸುಮ್ನಿರು’ ಎಂದು ಹುಲಿಯಪ್ಪ ಅವಳ ಕೈ ಸರಿಸಿದ.

ಪರೀಕ್ಷೆಯ ದಿನ ಅದೃಷ್ಟವೋ, ವಾರ್ಡಿನ ಜವಾನನ ಕೃಪೆಯೋ, ಸುಬ್ಬರಾಯನಿಗೆ ಹುಲಿಯಪ್ಪನ ಮಂಚವೇ ಬಂತು. ಕೊಟ್ಟ ಸಮಯವನ್ನೆಲ್ಲ ಅವನು ಅಂದವಾದ ಅಕ್ಷರದಲ್ಲಿ ಬರೆಯುವುದಕ್ಕೇ ಕಳೆದ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಹತ್ತಿರ ಬಂದದ್ದೇ ನಾಲ್ಕೂ ಲಕ್ಷಣಗಳನ್ನು ಮಗ್ಗಿಯಂತೆ ಒಪ್ಪಿಸಿದ.

‘ನಾಲ್ಕನೆಯದು ಕೇಳಿಸಿತೆ?’

‘ಸ್ಪಷ್ಟವಾಗಿ ಕೇಳಿಸಿತು, ಸಾರ್.’

‘ನಾಡಿ?’

‘ಎಪ್ಪತ್ತೆರಡು ಸಾರ್. ರೆಗ್ಯುಲರ್.’

ಪರೀಕ್ಷಕರು ಹುಲಿಯಪ್ಪನ ಮಣಿಕಟ್ಟು ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ಸುಬ್ಬರಾಯನ ಬೆರಳುಗಳನ್ನು ಅದೇ ಜಾಗಕ್ಕೆ ಒತ್ತಿ, ‘ಈಗ ಹೇಳಿ’ ಅಂದರು. ನಾಡಿ ಒಮ್ಮೆ ಓಡಿ, ಒಮ್ಮೆ ನಿಂತು, ಒಮ್ಮೆ ಎಡವುತ್ತಿತ್ತು. ಸುಬ್ಬರಾಯ ದಿಕ್ಕು ಕಾಣದೆ ರೋಗಿಯ ಮುಖ ನೋಡಿದ. ಹುಲಿಯಪ್ಪನಿಗೆ ಶಿಷ್ಯನ ಮೇಲೆ ಕನಿಕರ ಉಕ್ಕಿ ಬಂತು.

‘ಎಪ್ಪತ್ತೆರಡೇ ಸ್ವಾಮಿ. ರೆಗ್ಯುಲರ್’ ಎಂದ, ಗಟ್ಟಿಯಾಗಿ.

‘ನಿಮ್ಮಿಬ್ಬರಲ್ಲಿ ಪರೀಕ್ಷೆಗೆ ಕೂತವರು ಯಾರು?’ ಎಂದರು ಪರೀಕ್ಷಕರು.

ಆಮೇಲೆ ಕಾಲೇಜಿನ ಡಾಕ್ಟರುಗಳೆಲ್ಲ ಮಂಚ ಸುತ್ತುವರಿದು ಇಂಗ್ಲಿಷಿನಲ್ಲಿ ಸಂಭ್ರಮಪಟ್ಟರು. ಒಳ್ಳೆಯ ಕೇಸು ಇನ್ನೂ ಒಳ್ಳೆಯದಾಗಿತ್ತು! ಹುಲಿಯಪ್ಪನಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಅವರೆಲ್ಲ ಊಟಕ್ಕೆ ಹೋದ ಮೇಲೆ ಮನೋರಮಾ ಎಂಬ ವಿದ್ಯಾರ್ಥಿನಿ ಬಂದು ಮಂಚದಂಚಿಗೆ ಕೂತಳು.

‘ನಿಮ್ಮ ಎದೆಬಡಿತ ತಾಳ ತಪ್ಪಿದೆ. ಹಾಗಾದಾಗ ಆ ನಾಲ್ಕನೆಯ ಲಕ್ಷಣ ಹೋಗಿಬಿಡುತ್ತೆ.’

‘ಒಂದು ಹೋಯ್ತು ಅಂದ್ರೆ, ಕಾಯಿಲೆ ಕಾಲುಭಾಗ ವಾಸಿ ಆದಂಗೆ ಅಲ್ವಾ ಅಮ್ಮ?’

‘ಇಲ್ಲ. ಕಾಯಿಲೆ ಮುಂದಕ್ಕೆ ಹೋಗಿದೆ. ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?’

ಗೊತ್ತಾಗಿದ್ದವಳ ಬಾಯಿ ಮುಚ್ಚಿಸಿದ್ದನ್ನು ಅವನು ಹೇಳಲಿಲ್ಲ. ಸಾವಿನ ಭಯಕ್ಕಿಂತ ಮೊದಲು ಅವನನ್ನು ಕಾಡಿದ್ದು, ಹೊರಗಿನವರೆದುರು ತನ್ನ ಪಾಠ ತಪ್ಪಾಯಿತಲ್ಲ ಎಂಬ ನಾಚಿಕೆ. ಭಯ ಸಂಜೆ ಬಂತು. ಬಂಗಾರಮ್ಮನಿಗೆ ಹೇಳಿಕಳಿಸಿದ.

ಮೂರು ವಾರ ಅಲ್ಲೇ ಇಟ್ಟುಕೊಂಡು ಮಾತ್ರೆ ಕೊಟ್ಟರು. ದಿನವೂ ನುಂಗಬೇಕೆಂದರು, ನುಂಗಿದ. ಸುಬ್ಬರಾಯ ನಾಲ್ಕನೆಯ ಸಲವೂ ಫೇಲಾದ. ಐದನೆಯ ಸಲ ಅವನಿಗೆ ಕಾಮಾಲೆಯ ರೋಗಿ ಸಿಕ್ಕಿದ. ಆ ಹಳದಿ ವಾರ್ಡಿನ ಬಾಗಿಲಿಗೇ ಕಾಣುತ್ತಿತ್ತು. ಪಾಸಾಗಿ ಪೇಟೆಯಲ್ಲಿ ಬೋರ್ಡು ಹಾಕಿದ. ಈಗ ಅವನ ಕೈಗುಣ ದೊಡ್ಡದೆಂದು ಜನ ಹೊಗಳುತ್ತಾರೆ.

ಹುಲಿಯಪ್ಪ ಮರುವರ್ಷವೂ ಕಾರ್ಡು ಬಂದದ್ದೇ ಘಾಟಿ ಇಳಿದ. ಹುಡುಗರು ಸುತ್ತ ಮುತ್ತಿಕೊಂಡು, ‘ಅಜ್ಜ, ಏನು ಕಾಯಿಲೆ? ಬೇಗ ಹೇಳು’ ಎಂದು ಗೋಗರೆದರು.

‘ಕೈ ಬಿಸಿ ಮಾಡ್ಕಂಡು ಮುಟ್ಟಿ ನೋಡ್ರಪ್ಪ. ನಾ ಹೇಳಿದ್ರೆ ಸುಳ್ಳು ಇರ್ತದೆ’ ಎಂದವನು ಆಮೇಲೆ ತುಟಿ ಬಿಚ್ಚಲಿಲ್ಲ.

ಹನ್ನೊಂದು ಮಂದಿ ಸಹಿ ಹಾಕಿ ಅರ್ಜಿ ಕೊಟ್ಟರು: ಈ ರೋಗಿ ಸಹಕರಿಸುವುದಿಲ್ಲ. ಕಾಲೇಜಿನವರು ಅರ್ಜಿಯನ್ನು ಮಾನ್ಯಮಾಡಿ ಅವನ ಹೆಸರು ಹೊಡೆದುಹಾಕಿದರು. ಬಂಗಾರಮ್ಮ ಮಾತ್ರ ದಿನಾ ಬೆಳಗ್ಗೆ ಮಾತ್ರೆ ಕೊಡುವ ಮುಂಚೆ ಅವನೆದೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು. ಅವನು ಬೇಡ ಅನ್ನುತ್ತಿರಲಿಲ್ಲ.